ಲಕ್ವ ಹೊಡೆದ ಕೈಗೆ ಸ್ಮಾರ್ಟ್‌ವಾಚ್: ಅದು ಎಣಿಸುವುದು ಏನನ್ನು?

ದೀಪಾವಳಿಗೆ ಬೆಂಗಳೂರಿನಿಂದ ಬಂದಿದ್ದ ನಮ್ಮಣ್ಣ ದೊಡ್ಡಪ್ಪನ ಎಡಗೈಗೆ ಹೆಜ್ಜೆ ಎಣಿಸುವ ಒಂದು ಕರಿ ಬ್ಯಾಂಡ್ ಕಟ್ಟಿದ. ದೊಡ್ಡಪ್ಪನಿಗೆ ಲಕ್ವ ಹೊಡೆದು ಆಗ ಎರಡು ತಿಂಗಳು ಕಳೆದಿತ್ತು. ಎಡಗೈ, ಎಡಗಾಲು ಎರಡೂ ಸೋತಿದ್ದವು. ಕುಷ್ಟಗಿ ಕಡೆಯ ಹಳ್ಳಿ. ಫಿಜಿಯೋಥೆರಪಿಗೆ ಕೊಪ್ಪಳಕ್ಕೆ ಹೋಗಿಬರಬೇಕೆಂದರೆ ಬಾಡಿಗೆ ಕಾರು ಬೇಕು, ಹಿಡಿದುಕೊಳ್ಳಲು ಇಬ್ಬರು ಬೇಕು, ಒಂದು ದಿನ ಪೂರ್ತಿ ಹೋಗುತ್ತದೆ. ಹಾಗಾಗಿ ವ್ಯಾಯಾಮವೆಲ್ಲ ಮನೆಯ ಪಡಸಾಲೆಯಲ್ಲೇ. ಅವತ್ತು ಸಂಜೆ ದೊಡ್ಡಪ್ಪ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬಂದರು, ಅಂಗಳದ ತನಕ ಎರಡು ಸಲ ನಡೆದರು. ಬ್ಯಾಂಡ್ ನೋಡಿದರೆ ಹನ್ನೊಂದು ಹೆಜ್ಜೆ! ಮರುದಿನ ಕಾರಿನಲ್ಲಿ ಕೂತು ಡಾಕ್ಟರ ಹತ್ತಿರ ಹೋಗಿ ಬಂದದ್ದಕ್ಕೆ ನಾನೂರು ಚಿಲ್ಲರೆ ಹೆಜ್ಜೆ ಕೊಟ್ಟಿತ್ತು.

"ಇದು ನಂದು ಎಣಸ್ತೈತೋ, ರೋಡಿಂದು ಎಣಸ್ತೈತೋ?" ಅಂದರು ದೊಡ್ಡಪ್ಪ. ತಮಾಷೆಗೆ ಅಂದದ್ದು. ಆದರೆ ಈ ಬ್ಯಾಂಡುಗಳ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಬಳ್ಳಾರಿ, ರಾಯಚೂರು, ಕೊಪ್ಪಳದ ಮೊಬೈಲ್ ಅಂಗಡಿಗಳಲ್ಲಿ ಇಂಥವು ಒಂದೂವರೆ, ಎರಡು ಸಾವಿರಕ್ಕೆಲ್ಲ ಸಿಗುತ್ತಿವೆ. ದುಡಿಯಲು ಊರು ಬಿಟ್ಟ ಮಕ್ಕಳು ಅಪ್ಪನಿಗೋ ಅವ್ವನಿಗೋ ತಂದು ಕಟ್ಟುತ್ತಾರೆ. ಕಟ್ಟಿದ ಮೇಲೆ ಮನೆಯವರು ಕೇಳುವುದು ಎರಡೇ ಮಾತು: ಇದರಿಂದ ಕೈ ಬರುತ್ತದೆಯೇ? ಇದು ತೋರಿಸುವ ಲೆಕ್ಕವನ್ನು ನಂಬಬಹುದೇ? ಮೊದಲನೆಯದಕ್ಕೆ ಉತ್ತರ ಚಿಕ್ಕದು. ರಾಯಚೂರು ಎಪಿಎಂಸಿಯ ತಕ್ಕಡಿ ಹತ್ತಿ ಬೆಳೆಯುವುದಿಲ್ಲ, ಬೆಳೆದು ತಂದದ್ದು ಎಷ್ಟೆಂದು ಹೇಳುತ್ತದೆ. ಬ್ಯಾಂಡೂ ಹಾಗೇ. ಎರಡನೆಯದಕ್ಕೆ ಉತ್ತರ ಹೇಳಬೇಕೆಂದರೆ ಲಕ್ವದಿಂದಲೇ ಶುರು ಮಾಡಬೇಕು.

ಲಕ್ವ ಅಂದರೆ ಏನಾಗಿರುತ್ತದೆ?

ಪಾರ್ಶ್ವವಾಯು, ಸ್ಟ್ರೋಕ್, ಲಕ್ವ ಎಲ್ಲ ಒಂದೇ. ಸೋತದ್ದು ಕೈಕಾಲು ಅನಿಸಿದರೂ ಪೆಟ್ಟು ಬಿದ್ದಿರುವುದು ಮೆದುಳಿಗೆ. ನಮ್ಮ ತೂಕದಲ್ಲಿ ಮೆದುಳಿನದು ನೂರಕ್ಕೆ 2 ಪಾಲು. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಪಾಲು ಅದಕ್ಕೇ ಬೇಕು. ಅದನ್ನು ಹೊತ್ತು ತರುವುದು ರಕ್ತ.

ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೆನಪಿಸಿಕೊಳ್ಳಿ. ದೊಡ್ಡ ಕಾಲುವೆ, ಅದರಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ. ಎಲ್ಲೋ ಒಂದು ತೂಬಿಗೆ ಕಸ ಕಟ್ಟಿದರೆ ಅದರ ಕೆಳಗಿನ ಹೊಲಗಳು ಒಣಗುತ್ತವೆ. ಏರಿ ಒಡೆದರೆ ನೀರು ಬೇಡದ ಕಡೆ ನುಗ್ಗಿ ಬೆಳೆ ಕೊಳೆಯುತ್ತದೆ. ಲಕ್ವದಲ್ಲೂ ಇವೇ ಎರಡು ಬಗೆ. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುವುದು ಹೆಚ್ಚು, ಸುಮಾರು ನೂರಕ್ಕೆ 85. ಉಳಿದವು ನಾಳ ಒಡೆದು ರಕ್ತ ಸೋರುವಂಥವು. ದೊಡ್ಡ ನಾಳ ಮುಚ್ಚಿದಾಗ, ಚಿಕಿತ್ಸೆ ಸಿಗದ ಒಂದೊಂದು ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂಬ ಲೆಕ್ಕವಿದೆ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಮೊದಲು 108ಕ್ಕೆ ಫೋನ್ ಮಾಡಿ ಎನ್ನುವುದು ಇದಕ್ಕೇ. ನಮ್ಮ ಕಡೆ ಇನ್ನೂ ಎಷ್ಟೋ ಮನೆಗಳಲ್ಲಿ ಆ ನಾಲ್ಕೂವರೆ ಗಂಟೆ ನಾಟಿ ಔಷಧಿ ಕೊಡುವವರ ಊರು ಹುಡುಕುವುದರಲ್ಲೇ ಕಳೆದುಹೋಗುತ್ತದೆ.

ಮೆದುಳಿನ ಬಲಭಾಗ ದೇಹದ ಎಡಗಡೆಯನ್ನು ಆಳುತ್ತದೆ, ಎಡಭಾಗ ಬಲಗಡೆಯನ್ನು. ದೊಡ್ಡಪ್ಪನಿಗೆ ಪೆಟ್ಟು ಬಿದ್ದದ್ದು ಬಲಭಾಗಕ್ಕೆ. ಎಡಗೈಯ ಎಲುಬು, ಸ್ನಾಯು, ಕೀಲು ಎಲ್ಲ ನೆಟ್ಟಗಿದ್ದವು. ಅವಕ್ಕೆ ಹುಕುಂ ಬರುವುದು ನಿಂತಿತ್ತು, ಅಷ್ಟೇ.

ಹಾಗಾದರೆ ವ್ಯಾಯಾಮ ಯಾಕೆ?

ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಆದರೆ ಅದರ ಸುತ್ತಲಿನವು, ದೂರದವು ಕೂಡ, ಆ ಕೆಲಸವನ್ನು ಸ್ವಲ್ಪಸ್ವಲ್ಪ ಕಲಿಯಬಲ್ಲವು. ಎರೆಹೊಲದಲ್ಲಿ ಬಂಡಿಜಾಡು ಬೀಳುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳೆಯ ದಾರಿ ಹಳ್ಳ ಕೊಚ್ಚಿಕೊಂಡು ಹೋದರೆ ಬಂಡಿಗಳು ಬದುವಿನ ಮಗ್ಗುಲಲ್ಲಿ ಹಾಯುತ್ತವೆ. ಮೊದಲ ದಿನ ಗುರುತೇ ಕಾಣುವುದಿಲ್ಲ. ನೂರು ಬಂಡಿ ಹಾದ ಮೇಲೆ ಜಾಡು, ಸಾವಿರ ಹಾದ ಮೇಲೆ ರಸ್ತೆ. ಹಾಯುವುದು ನಿಂತರೆ ಮತ್ತೆ ಹುಲ್ಲು. ಮೆದುಳಿನ ಈ ಗುಣಕ್ಕೆ ವೈದ್ಯರು ನ್ಯೂರೋಪ್ಲಾಸ್ಟಿಸಿಟಿ ಅನ್ನುತ್ತಾರೆ.

ಬೇರೆಯವರು ಕೈ ಹಿಡಿದು ಮಡಚುವುದು, ಎಣ್ಣೆ ತಿಕ್ಕುವುದು ಕೀಲು ಬಿಗಿಯದಂತೆ ನೋಡಿಕೊಳ್ಳಲು ಸರಿ. ಜಾಡು ಬೀಳುವುದು ಮಾತ್ರ ರೋಗಿ ತಾನೇ ಮನಸ್ಸಿಟ್ಟು ಕೈ ಅಲುಗಿಸಲು ಹೆಣಗಿದಾಗ, ಅದೂ ಮತ್ತೆ ಮತ್ತೆ.

ಮತ್ತೆ ಮತ್ತೆ ಅಂದರೆ ಎಷ್ಟು? 2009ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಒಂದು ಅಧ್ಯಯನದಲ್ಲಿ ಸಂಶೋಧಕರು ಪುನಶ್ಚೇತನ ಕೇಂದ್ರಗಳಲ್ಲಿ ಪಕ್ಕದಲ್ಲೇ ಕೂತು ಎಣಿಸಿದರು. ಕೈಯಿಂದ ಕೆಲಸ ಮಾಡಿಸುವ ಅಭ್ಯಾಸ ಒಂದು ಸಲಕ್ಕೆ ಸರಾಸರಿ 32 ಬಾರಿ ಮಾತ್ರ ನಡೆಯುತ್ತಿತ್ತು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮೆದುಳು ಬದಲಾಗುವಂತೆ ಮಾಡಲು ದಿನಕ್ಕೆ ನೂರಾರು ಬಾರಿ ಮಾಡಿಸಿರುತ್ತಾರೆ. ನುರಿತವರ ಕೈಯಲ್ಲೇ 32 ಆದರೆ ನಮ್ಮ ಪಡಸಾಲೆಯ ಲೆಕ್ಕ ಏನಿದ್ದೀತು? "ಇವತ್ತು ಚಲೋ ಮಾಡಿದ್ರು" ಅಂತ ದೊಡ್ಡವ್ವ ಹೇಳುತ್ತಿದ್ದ ದಿನ ಒಮ್ಮೆ ಪಕ್ಕದಲ್ಲಿ ಕೂತು ಎಣಿಸಿದೆ. ಹದಿನಾಲ್ಕು.

ಹಾಗಂತ ಸಂಖ್ಯೆ ಏರಿಸುತ್ತ ಹೋದರೆ ಕೈ ಅದೇ ಲೆಕ್ಕದಲ್ಲಿ ಬರುತ್ತದೆ ಎಂದೂ ಇಲ್ಲ. ಲಕ್ವ ಹೊಡೆದು ಆರು ತಿಂಗಳು ಮೀರಿದ 85 ಜನರನ್ನು ಗುಂಪು ಮಾಡಿ, ಒಟ್ಟು 3,200, 6,400, 9,600 ಬಾರಿ ಹೀಗೆ ಬೇರೆ ಬೇರೆ ಪ್ರಮಾಣದಲ್ಲಿ ಮಾಡಿಸಿ ನೋಡಿದ 2016ರ ಅಧ್ಯಯನದಲ್ಲಿ, ಹೆಚ್ಚು ಮಾಡಿದವರಿಗೆ ಹೆಚ್ಚು ಲಾಭ ಎಂಬ ಸರಳ ಲೆಕ್ಕ ಸಿಗಲಿಲ್ಲ. ಸಮಯವೂ ಮುಖ್ಯ. 72 ಜನರ ಮೇಲಿನ 2021ರ ಇನ್ನೊಂದು ಪ್ರಯೋಗದಲ್ಲಿ 20 ಗಂಟೆಯ ಹೆಚ್ಚುವರಿ ಕೈ ಅಭ್ಯಾಸ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಲಕ್ವ ಹೊಡೆದ ಎರಡು-ಮೂರು ತಿಂಗಳ ಹೊತ್ತಿಗೆ ಅದನ್ನು ಮಾಡಿದವರಿಗೆ. ಮೊದಲ 24 ಗಂಟೆಯಲ್ಲೇ ಎಬ್ಬಿಸಿ ಜೋರಾಗಿ ನಡೆಸುವ ಆತುರದಿಂದ ಕೆಡುಕೇ ಹೆಚ್ಚು ಎಂದು 2,104 ರೋಗಿಗಳ 2015ರ ಅಧ್ಯಯನ ತೋರಿಸಿದೆ.

"ಆರು ತಿಂಗಳು ಮುಗೀತು, ಇನ್ನೇನಿಲ್ಲ" ಎನ್ನುವ ಮಾತನ್ನು ಮಾತ್ರ ನಂಬಬೇಡಿ. ಲಂಡನ್ನಿನ ಒಂದು ಕಾರ್ಯಕ್ರಮದಲ್ಲಿ ಮೂರು ವಾರ, ಒಟ್ಟು 90 ಗಂಟೆ ಕೈ ಅಭ್ಯಾಸ ಮಾಡಿದ 224 ಜನರಲ್ಲಿ ಅರ್ಧದಷ್ಟು ಮಂದಿಗೆ ಲಕ್ವ ಹೊಡೆದು ಒಂದೂವರೆ ವರ್ಷ ದಾಟಿತ್ತು. ಅಂಥವರ ಕೈಯೂ ಸುಧಾರಿಸಿತು.

ಬರುತ್ತದೆ, ಆದರೆ ಬಳಸುವುದಿಲ್ಲ

ಬ್ಯಾಂಡಿನ ನಿಜವಾದ ಉಪಯೋಗ ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಡಿಸೆಂಬರ್ ಹೊತ್ತಿಗೆ ದೊಡ್ಡಪ್ಪನ ಎಡಗೈ ಬೆರಳುಗಳು ಬಿಚ್ಚತೊಡಗಿದ್ದವು. ಫಿಜಿಯೋ ಮುಂದೆ ತಂಬಿಗೆ ಹಿಡಿದು ಎತ್ತಿ ತೋರಿಸಿದರು, ಎಲ್ಲರಿಗೂ ಖುಷಿ. ಮನೆಗೆ ಬಂದ ಮೇಲೆ ನೋಡಿದೆ: ಮುಖ ತೊಳೆಯುವುದು ಬಲಗೈ ಒಂದರಲ್ಲೇ. ರೊಟ್ಟಿ ಮುರಿಯುವುದು ಬಲಗೈಯಲ್ಲೇ, ಗಂಗಾಳಕ್ಕೆ ಒತ್ತಿ ಹಿಡಿದು. ಅಂಗಿ ಗುಂಡಿ ದೊಡ್ಡವ್ವ ಹಾಕುವುದು. ಎಡಗೈ ಮಡಿಲಲ್ಲಿ ಬೆಕ್ಕಿನ ಮರಿ ಮಲಗಿದ ಹಾಗೆ ಮಲಗಿರುತ್ತಿತ್ತು. ಯಾಕೆ ಅಂದರೆ, "ಅದು ಜಲ್ದಿ ಬರಂಗಿಲ್ಲಪಾ, ಇದ್ರಾಗ ಆಕ್ಕೈತಲ್ಲ."

ಮೊದಮೊದಲು ಸೋತ ಕೈಯಿಂದ ಮಾಡಲು ಹೋಗಿ ಲೋಟ ಬೀಳುತ್ತದೆ, ಸಾರು ಚೆಲ್ಲುತ್ತದೆ. ಮೆದುಳು ಆ ಕೈಯನ್ನು ಲೆಕ್ಕದಿಂದ ಬಿಟ್ಟುಬಿಡುವುದನ್ನು ಕಲಿಯುತ್ತದೆ. ಆಮೇಲೆ ಶಕ್ತಿ ಬಂದರೂ ರೂಢಿ ಬರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟೌಬ್ ಇದನ್ನು 'ಕಲಿತುಕೊಂಡ ಬಳಸದಿರುವಿಕೆ' ಎಂಬ ಅರ್ಥದ ಹೆಸರಿನಿಂದ ಗುರುತಿಸಿದರು. ಅದಕ್ಕೆ ಅವರು ಕಂಡುಕೊಂಡ ಉಪಾಯ ಒಳ್ಳೆಯ ಕೈಗೆ ದಪ್ಪ ಕೈಗವಸು ತೊಡಿಸಿ, ಎಲ್ಲವನ್ನೂ ಸೋತ ಕೈಯಿಂದ ಮಾಡಿಸುವುದು. 2006ರಲ್ಲಿ ಪ್ರಕಟವಾದ 222 ಜನರ ಪ್ರಯೋಗದಲ್ಲಿ ಎರಡು ವಾರದ ಇಂಥ ಅಭ್ಯಾಸದಿಂದ ಬಂದ ಸುಧಾರಣೆ ವರ್ಷದ ನಂತರವೂ ಉಳಿದಿತ್ತು. ಮಣಿಕಟ್ಟು, ಬೆರಳು ತುಸುವಾದರೂ ಬಿಚ್ಚುವವರಿಗೆ ಮಾತ್ರ ಇದು. ಮನೆಯಲ್ಲಿ ಯಾರನ್ನೂ ಕೇಳದೆ ಒಳ್ಳೆಯ ಕೈ ಕಟ್ಟಿಹಾಕಬಾರದು. ಆಯ ತಪ್ಪಿ ಬೀಳುವಾಗ ಗೋಡೆ ಹಿಡಿಯುವುದು ಅದೇ ಕೈ.

'ಮಾಡಬಲ್ಲರು' ಮತ್ತು 'ಮಾಡುತ್ತಾರೆ' ಇವೆರಡರ ನಡುವಿನ ಈ ಅಂತರ ಎಷ್ಟು ದೊಡ್ಡದೆಂದು ಗೊತ್ತಾದದ್ದೇ ಮಣಿಕಟ್ಟಿಗೆ ಕಟ್ಟುವ ಮಾಪಕಗಳಿಂದ. 78 ಜನರ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ತರಬೇತಿಯ ನಂತರ ಅವರ ಕೈ ಆಸ್ಪತ್ರೆಯ ಪರೀಕ್ಷೆಯಲ್ಲಿ ಸುಧಾರಿಸಿತ್ತು. ಮನೆಯಲ್ಲಿ ಆ ಕೈಯ ಬಳಕೆ ಎಷ್ಟು ಹೆಚ್ಚಿದೆ ಎಂದು ಮಾಪಕ ನೋಡಿದರೆ, ಹೆಚ್ಚಿರಲಿಲ್ಲ.

ಬ್ಯಾಂಡಿನ ಹೊಟ್ಟೆಯಲ್ಲಿ ಏನಿದೆ?

ಕೆಕೆಆರ್‌ಟಿಸಿ ಬಸ್ಸಿನಲ್ಲಿ ನಿಂತಿದ್ದೀರಿ. ಡ್ರೈವರ್ ಬ್ರೇಕ್ ಹಾಕಿದ, ಮುಂದಕ್ಕೆ ವಾಲಿದಿರಿ. ಬಿಟ್ಟ, ಹಿಂದಕ್ಕೆ. ಕಣ್ಣು ಮುಚ್ಚಿಕೊಂಡಿದ್ದರೂ ಬಸ್ಸು ಏನು ಮಾಡುತ್ತಿದೆ ಎಂದು ನಿಮ್ಮ ಮೈ ವಾಲಿದ ರೀತಿಯಿಂದಲೇ ಹೇಳಬಹುದು. ಬ್ಯಾಂಡಿನೊಳಗಿನ ಅಕ್ಸೆಲರೋಮೀಟರ್ ಎಂಬ ಚಿಪ್ಪಿನಲ್ಲಿ ಇಂಥದೇ ಒಬ್ಬ 'ಪ್ರಯಾಣಿಕ' ಇದ್ದಾನೆ: ಸಿಲಿಕಾನಿನ ಕಣ್ಣಿಗೆ ಕಾಣದಷ್ಟು ಸಣ್ಣ ತುಣುಕು, ಅಷ್ಟೇ ಸಣ್ಣ ಸ್ಪ್ರಿಂಗುಗಳಿಗೆ ನೇತುಬಿದ್ದಿರುತ್ತದೆ. ಕೈ ಅಲುಗಿದರೆ ಅದು ವಾಲುತ್ತದೆ. ಎಷ್ಟು ವಾಲಿತು ಎಂಬುದು ವಿದ್ಯುತ್ತಿನ ಸಣ್ಣ ಏರಿಳಿತವಾಗಿ ದಾಖಲಾಗುತ್ತದೆ, ಸೆಕೆಂಡಿಗೆ ಹತ್ತಾರು ಸಲ. ಮೊಬೈಲ್ ಅಡ್ಡ ಹಿಡಿದಾಗ ಪರದೆಯೂ ಅಡ್ಡ ತಿರುಗುವುದು ಇದರಿಂದಲೇ. ಕೆಲವು ಬ್ಯಾಂಡುಗಳಲ್ಲಿ ಇದರ ಜೊತೆ ಜೈರೋಸ್ಕೋಪ್ ಇರುತ್ತದೆ. ಮಣಿಕಟ್ಟು ಎಷ್ಟು ತಿರುವಿತು ಎಂದು ಅದು ಹೇಳುತ್ತದೆ. ಹಿಂಬದಿಯ ಹಸಿರು ಬೆಳಕು ನಾಡಿಗೆ. ರಕ್ತ ಹಸಿರು ಬೆಳಕನ್ನು ಹೀರುತ್ತದೆ, ಒಂದೊಂದು ಬಡಿತಕ್ಕೂ ಚರ್ಮದಡಿ ರಕ್ತ ಹೆಚ್ಚು ಕಡಿಮೆಯಾಗುತ್ತದೆ, ತಿರುಗಿ ಬರುವ ಬೆಳಕೂ ಹಾಗೇ.

ಇಷ್ಟು ಗೊತ್ತಾದರೆ ದೊಡ್ಡಪ್ಪನ ಹನ್ನೊಂದು ಹೆಜ್ಜೆಯ ಗುಟ್ಟು ಬಿಡಿಸಬಹುದು. ಬ್ಯಾಂಡಿಗೆ ಕಾಲು ಕಾಣುವುದಿಲ್ಲ. ಆರೋಗ್ಯವಂತರು ನಡೆಯುವಾಗ ಕೈ ಬೀಸುತ್ತಾರೆ. ಆ ಬೀಸುವಿಕೆಯ ಲಯವನ್ನೇ ಅದು ಹೆಜ್ಜೆ ಎಂದು ಓದುತ್ತದೆ. ಲಕ್ವ ಹೊಡೆದ ಕೈ ಬೀಸುವುದಿಲ್ಲ, ಮೊಣಕೈ ಮಡಚಿಕೊಂಡು ಎದೆಗೆ ಅಂಟಿರುತ್ತದೆ. ನಡಿಗೆ ನಿಧಾನ, ಲಯ ತಪ್ಪಿದ್ದು. ಒಳ್ಳೆಯ ಕೈಗೆ ಕಟ್ಟೋಣವೆಂದರೆ ಆ ಕೈ ವಾಕರನ್ನೋ ಗೋಡೆಯನ್ನೋ ಹಿಡಿದಿರುತ್ತದೆ. ಹಾಗಾಗಿ ನಿಜವಾದ ಹೆಜ್ಜೆ ಲೆಕ್ಕಕ್ಕೆ ಸಿಗುವುದಿಲ್ಲ. ಕಾರು ತಗ್ಗಿಗೆ ಬಿದ್ದು ಎದ್ದರೆ ಮೈ ಲಯಬದ್ಧವಾಗಿ ಕುಲುಕುತ್ತದೆ, ಅದು ಸಿಗುತ್ತದೆ. ನಮ್ಮ ರಸ್ತೆಗಳ ಮೇಲೆ ಇಂಥ ಹೆಜ್ಜೆಗಳಿಗೆ ಬರವಿಲ್ಲ.

ಪರಿಹಾರ ಸುಲಭ: ಬ್ಯಾಂಡನ್ನು ಕಾಲಿಗೆ ಕಟ್ಟಿ. ಒಳ್ಳೆಯ ಕಾಲಿನ ಗಿಣ್ಣಿನ ಮೇಲೆ. ನಿಧಾನ ನಡೆಯುವವರಲ್ಲಿ ಮಣಿಕಟ್ಟಿಗಿಂತ ಕಾಲ್ಗಿಣ್ಣಿನ ಲೆಕ್ಕ ನಿಜಕ್ಕೆ ಹತ್ತಿರ ಬರುತ್ತದೆ. ಕಟ್ಟಿದ ಮೇಲೆ ಒಮ್ಮೆ ನೀವೇ ಬಾಯಲ್ಲಿ ಎಣಿಸುತ್ತ ಐವತ್ತು ಹೆಜ್ಜೆ ನಡೆಸಿ, ಬ್ಯಾಂಡ್ ಎಷ್ಟು ಹೇಳುತ್ತದೆ ನೋಡಿ. ನಲವತ್ತೈದೋ ಐವತ್ತೈದೋ ಆದರೆ ನಡೆಯುತ್ತದೆ. ಇಪ್ಪತ್ತು ಅಂದರೆ ಆ ಬ್ಯಾಂಡು ಈ ಕೆಲಸಕ್ಕಲ್ಲ. ದಿನಕ್ಕೆ 10,000 ಹೆಜ್ಜೆ ಎಂಬ ಗುರಿಯನ್ನು ಆಪ್‌ನಿಂದ ತೆಗೆದುಹಾಕಿ. ಆ ಸಂಖ್ಯೆ ಹುಟ್ಟಿದ್ದು 1965ರಲ್ಲಿ ಜಪಾನಿನ ಒಂದು ಹೆಜ್ಜೆ ಎಣಿಕೆ ಯಂತ್ರದ ಹೆಸರಿನಲ್ಲಿ, ರೋಗಿಗಳಿಗೆಂದು ಅಲ್ಲ. ನಿನ್ನೆ 300 ಆಗಿದ್ದರೆ ಈ ವಾರದ ಗುರಿ 330.

ಕೈಗಾದರೆ ಒಂದು ಸಾಲದು, ಎರಡು

ಕೈಯ ಬಳಕೆ ಅಳೆಯಲು ಸಂಶೋಧಕರು ಎರಡೂ ಮಣಿಕಟ್ಟಿಗೆ ಮಾಪಕ ಕಟ್ಟುತ್ತಾರೆ. ಒಂದೇ ಕಟ್ಟಿದರೆ ಅಲುಗಿದ್ದು ಕೈಯೋ ಇಡೀ ಮೈಯೋ ತಿಳಿಯುವುದಿಲ್ಲ. ಎರಡಿದ್ದರೆ ಹೋಲಿಸಬಹುದು. ಇದರಿಂದ ಹೊರಬಿದ್ದ ಒಂದು ಸಂಗತಿ ನನಗೆ ಬಹಳ ಸೋಜಿಗವೆನಿಸಿತು: ಆರೋಗ್ಯವಂತರಲ್ಲಿ ಬಲಗೈ, ಎಡಗೈ ದಿನದಲ್ಲಿ ಅಲುಗುವ ಹೊತ್ತು ಹೆಚ್ಚುಕಡಿಮೆ ಸಮ. ಬಲಗೈ 1 ಗಂಟೆ ಅಲುಗಿದರೆ ಎಡಗೈ 0.95 ಗಂಟೆ. ನಾವು ಬಲಗೈಯವರು ಅಂದುಕೊಂಡಿರುತ್ತೇವೆ, ಆದರೆ ಜೋಳದ ರೊಟ್ಟಿ ಬಡಿಯುವುದನ್ನು ನೋಡಿ. ಒಂದು ಕೈ ಬಡಿಯುತ್ತದೆ, ಇನ್ನೊಂದು ಅಂಚು ಸರಿಮಾಡುತ್ತ ತಿರುಗಿಸುತ್ತದೆ, ಎರಡೂ ಒಂದು ಕ್ಷಣ ಸುಮ್ಮನಿರುವುದಿಲ್ಲ. ಲಕ್ವದ ನಂತರ ಈ ಸಮ ತಪ್ಪುತ್ತದೆ. ಎಷ್ಟು ತಪ್ಪಿದೆ, ತಿಂಗಳಿಂದ ತಿಂಗಳಿಗೆ ಎಷ್ಟು ಹತ್ತಿರ ಬರುತ್ತಿದೆ ಎಂಬುದೇ ನೋಡಬೇಕಾದ ಲೆಕ್ಕ.

ಅಂಗಡಿಯ ಬ್ಯಾಂಡುಗಳಲ್ಲಿ ಈ ಹೋಲಿಕೆ ನೇರವಾಗಿ ಸಿಗುವುದಿಲ್ಲ. ಆದರೆ ಅವುಗಳಲ್ಲಿ ಗುಂಯ್‌ಗುಟ್ಟುವ ಅಲಾರಂ ಇದೆ, ಅದನ್ನು ಬಳಸಬಹುದು. ಸೋತ ಕೈಗೆ ಕಟ್ಟಿ ಗಂಟೆಗೊಮ್ಮೆ ನಡುಗುವಂತೆ ಇಟ್ಟರೆ "ನಾನೂ ಇಲ್ಲಿದ್ದೀನಿ" ಎಂದು ಆ ಕೈಯೇ ಕರೆದಂತೆ. ನಡುಗಿದಾಗಲೆಲ್ಲ ಏನಾದರೂ ಮಾಡಬೇಕು: ಲೋಟ ಸರಿಸುವುದು, ಟವೆಲ್ ಹಿಂಡುವುದು, ಬಾಗಿಲ ಚಿಲಕ. ಹೀಗೆ ನಡುಗಿ ನೆನಪಿಸುವ ಪಟ್ಟಿಗಳನ್ನು ಬ್ರಿಟನ್ನಿನ ಸಂಶೋಧಕರೂ ಪರೀಕ್ಷಿಸಿದ್ದಾರೆ. ನಮ್ಮ ಮನೆಯಲ್ಲಿ ದೊಡ್ಡಪ್ಪನಿಗಿಂತ ಮೊದಲು ಅದಕ್ಕೆ ಓಗೊಡುತ್ತಿದ್ದವನು ಆರು ವರ್ಷದ ಮೊಮ್ಮಗ. "ತಾತಾ, ಕೈ ಫೋನ್ ಬಂತು!"

ಬೇರೆ ಬಗೆಯ ಉಪಕರಣಗಳು

ನಡೆಯುವಾಗ ಪಾದ ಜೋತುಬಿದ್ದು ಬೆರಳು ನೆಲಕ್ಕೆ ತಾಗುವವರಿಗೆ ಮೊಣಕಾಲ ಕೆಳಗೆ ಕಟ್ಟುವ ಪಟ್ಟಿಯೊಂದಿದೆ. ಹೆಜ್ಜೆ ಎತ್ತುವ ಗಳಿಗೆಗೆ ಸರಿಯಾಗಿ ನರಕ್ಕೆ ಸಣ್ಣ ವಿದ್ಯುತ್ ಕೊಟ್ಟು ಪಾದ ಮೇಲೇಳಿಸುತ್ತದೆ. ಹೊಸದೇನಲ್ಲ. ಲಿಬರ್ಸನ್ ಎಂಬ ವೈದ್ಯರು ಇದನ್ನು ವರದಿ ಮಾಡಿದ್ದು 1961ರಲ್ಲಿ, ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು (ಆಮೇಲೆ ವಿಮ್ಸ್ ಆದದ್ದು) ಶುರುವಾದ ವರ್ಷವೇ. ಪೇಸ್‌ಮೇಕರ್ ಇದ್ದವರು ವೈದ್ಯರನ್ನು ಕೇಳದೆ ಇದರ ಹತ್ತಿರ ಹೋಗಬಾರದು. ಬೆರಳಿನ ಮಡಿಕೆ ಅಳೆದು ಪರದೆಯ ಮೇಲೆ ಆಟ ಆಡಿಸುವ ಕೈಗವಸುಗಳಿವೆ. ಕೈ ಅಲುಗದಿದ್ದರೂ ಸ್ನಾಯುವಿನಲ್ಲಿ ಹುಟ್ಟುವ ಅಲ್ಪ ವಿದ್ಯುತ್ತನ್ನು ಹಿಡಿದು "ಪ್ರಯತ್ನ ನಡೆದಿದೆ" ಎಂದು ತೋರಿಸುವ ಪಟ್ಟಿಗಳೂ ಇವೆ. ಇವೆಲ್ಲ ಫಿಜಿಯೋ ನೋಡಿ, ಹೊಂದಿಸಿ ಕೊಡಬೇಕಾದವು. ಆನ್‌ಲೈನಿನಲ್ಲಿ ಜಾಹೀರಾತು ನೋಡಿ ತರಿಸುವಂಥವಲ್ಲ.

ಇದರಿಂದ ಗುಣವಾಗುವುದಕ್ಕೆ ಪುರಾವೆ ಇದೆಯೇ?

2018ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಆವರೆಗಿನ ಪ್ರಯೋಗಗಳನ್ನು ಒಟ್ಟು ಹಾಕಿತು. ಸಿಕ್ಕಿದ್ದು ನಾಲ್ಕು ಪ್ರಯೋಗ, 274 ಜನ. ಚಟುವಟಿಕೆ ಎಣಿಸುವ ಸಾಧನ ಕಟ್ಟಿದ್ದರಿಂದ ಲಕ್ವದವರ ಓಡಾಟ ಹೆಚ್ಚಿತು ಎನ್ನಲು ಅದರಲ್ಲಿ ಸಾಕಷ್ಟು ಪುರಾವೆ ಸಿಗಲಿಲ್ಲ. ಬರೀ ಬ್ಯಾಂಡ್ ತಂದು ಕಟ್ಟುವವರು ಇದನ್ನು ಮೊದಲು ಓದಬೇಕು.

ಇನ್ನೊಂದು ನಮ್ಮ ದೇಶದ್ದೇ. ಅಟೆಂಡ್ ಎಂಬ ಹೆಸರಿನ ಆ ಅಧ್ಯಯನ ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾಯಿತು. ಅರ್ಧ ಜನರ ಮನೆಯವರೊಬ್ಬರಿಗೆ ಆಸ್ಪತ್ರೆಯಲ್ಲೇ ವ್ಯಾಯಾಮ ಮಾಡಿಸುವುದನ್ನು ಕಲಿಸಿ ಕಳಿಸಿದರು. ಆರು ತಿಂಗಳ ನಂತರ ನೋಡಿದರೆ ಎರಡೂ ಗುಂಪಿನಲ್ಲಿ ನೂರಕ್ಕೆ 47 ಜನ ತೀರಿಕೊಂಡಿದ್ದರು ಅಥವಾ ಇನ್ನೊಬ್ಬರ ಆಸರೆಯಲ್ಲಿದ್ದರು. ವ್ಯತ್ಯಾಸವೇ ಇಲ್ಲ. ನಮ್ಮ ಕುಟುಂಬಗಳ ಪ್ರೀತಿಗೆ ಕೊರತೆಯಿಲ್ಲ, ಆದರೆ ಕಲಿಸಿ ಕಳಿಸಿಬಿಟ್ಟರೆ ಆಗಲಿಲ್ಲ.

ಇನ್ನು 2019ರ ಅಮೆರಿಕದ ಪ್ರಯೋಗ. 124 ಜನ, ಅರ್ಧ ಜನ ಚಿಕಿತ್ಸಾಲಯಕ್ಕೆ ಬಂದು, ಉಳಿದವರು ಮನೆಯಲ್ಲೇ ಉಪಕರಣದ ಮುಂದೆ ಕೂತು ಕೈ ವ್ಯಾಯಾಮ ಮಾಡಿದರು. ಇಬ್ಬರಿಗೂ 36 ಸಲ, ಸಲಕ್ಕೆ 70 ನಿಮಿಷ. ಮನೆಯವರ ಸುಧಾರಣೆ ಚಿಕಿತ್ಸಾಲಯದವರಿಗಿಂತ ಕಡಿಮೆಯಾಗಲಿಲ್ಲ. ಇಲ್ಲಿ ಉಪಕರಣದ ಆಚೆ ತುದಿಯಲ್ಲಿ, ವಿಡಿಯೋ ಕರೆಯಲ್ಲಿ, ಒಬ್ಬ ಥೆರಪಿಸ್ಟ್ ಇದ್ದರು. ಲೆಕ್ಕ ನೋಡುತ್ತಿದ್ದರು, ಬದಲಿಸುತ್ತಿದ್ದರು.

ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ಕಾಣುವುದು ಇಷ್ಟು: ಮೊದಲೆರಡರಲ್ಲಿ ಇಲ್ಲದ್ದು, ಮೂರನೆಯದರಲ್ಲಿ ಇದ್ದದ್ದು, ಆ ಲೆಕ್ಕ ನೋಡುವ ಕಣ್ಣು. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯ ವೈದ್ಯಕೀಯ ಕಾಲೇಜು (ಮೊದಲಿನ ವಿಮ್ಸ್) ಇಂಥ ಸರ್ಕಾರಿ ಆಸ್ಪತ್ರೆಗಳಿಗೆ ತಿಂಗಳಿಗೊಮ್ಮೆಯಾದರೂ ಹೋಗಿ ನಾಲ್ಕು ವಾರದ ಲೆಕ್ಕವನ್ನು ಫಿಜಿಯೋ ಮುಂದೆ ಹಿಡಿದರೆ ಅವರಿಗೆ ಹೇಳಲು ಏನಾದರೂ ಇರುತ್ತದೆ. "ಮಾಡ್ತಾರ್ರೀ, ದಿನಾ ಮಾಡ್ತಾರ" ಅಂದರೆ ಅವರಾದರೂ ಏನು ಹೇಳಿಯಾರು?

ಮನೆಯಲ್ಲಿ ಕಟ್ಟುವವರಿಗೆ

ಸೋತ ಕೈಗೆ ಸ್ಪರ್ಶ ಕಡಿಮೆ, ಬಾವು ಹೆಚ್ಚು. ಬಿಗಿ ಆದರೂ ಅವರಿಗೆ ಗೊತ್ತಾಗುವುದಿಲ್ಲ. ದೊಡ್ಡಪ್ಪನ ಮಣಿಕಟ್ಟಿನಲ್ಲಿ ಬೆವರಿಗೆ ಕೆಂಪು ಬರೆ ಎದ್ದು, ಒಂದು ಕಡೆ ಚರ್ಮ ಸುಲಿದದ್ದು ನಮಗೆ ಕಂಡದ್ದು ನಾಲ್ಕನೇ ದಿನ. ಪಟ್ಟಿಯಡಿ ಒಂದು ಬೆರಳು ಆರಾಮವಾಗಿ ತೂರಬೇಕು. ರಾತ್ರಿ ಬಿಚ್ಚಿ, ಒರೆಸಿ, ಚರ್ಮ ನೋಡಬೇಕು. ಬ್ಯಾಂಡ್ ಕಟ್ಟುವಾಗ, ಅಂಗಿ ತೊಡಿಸುವಾಗ ಸೋತ ಕೈ ಹಿಡಿದು ಎಳೆಯಬೇಡಿ. ಹೆಗಲ ಕೀಲನ್ನು ಹಿಡಿದಿಡುವ ಸ್ನಾಯು ಸಡಿಲವಾಗಿರುತ್ತದೆ, ಕೀಲು ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ವ್ಯಾಯಾಮ ನಿಲ್ಲಿಸುತ್ತದೆ.

ನಾಡಿಯ ಸಂಖ್ಯೆ ನೋಡಿ ವ್ಯಾಯಾಮದ ಬಿರುಸು ನಿರ್ಧರಿಸುವುದು ಬೇಡ. ಬಿಪಿಗೆಂದು ಅಟೆನೊಲಾಲ್, ಮೆಟೊಪ್ರೊಲಾಲ್ ತರಹದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎಷ್ಟು ದಣಿದರೂ ನಾಡಿ ಅಷ್ಟಾಗಿ ಏರುವುದಿಲ್ಲ. ಮಾತಾಡುತ್ತ ಮಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟು ಬಿರುಸು ಸಾಕು. ಅಗ್ಗದ ವಾಚು ತೋರಿಸುವ ಬಿಪಿಯನ್ನು ನಂಬಿ ಮಾತ್ರೆ ಹೆಚ್ಚು ಕಡಿಮೆ ಮಾಡಲೇಬೇಡಿ. ತೋಳಿಗೆ ಸುತ್ತುವ ಯಂತ್ರವೇ ಬೇಕು. ಕೆಲವು ದುಬಾರಿ ವಾಚುಗಳು ನಾಡಿಯ ಲಯ ತಪ್ಪಿದ್ದನ್ನು ಎಚ್ಚರಿಸುತ್ತವೆ. ಲಯ ತಪ್ಪುವ ಒಂದು ಬಗೆಯ ಹೃದ್ರೋಗದಿಂದ ಲಕ್ವದ ಅಪಾಯ ಐದು ಪಟ್ಟಾಗುವುದರಿಂದ, ಅಂಥ ಎಚ್ಚರಿಕೆ ಬಂದರೆ ವೈದ್ಯರಿಗೆ ತೋರಿಸಿ. ಆದರೆ ಲಕ್ವ ಹೊಡೆಯುತ್ತಿದೆ ಎಂದು ಹೇಳುವ ವಾಚು ಇಲ್ಲ. ಎದೆನೋವು, ತಲೆಸುತ್ತು, ಹೊಸದಾಗಿ ಕೈಕಾಲು ಸೋಲುವುದು ಕಂಡರೆ ವ್ಯಾಯಾಮ ನಿಲ್ಲಿಸಿ 108.

ಚಿಕಿತ್ಸೆ ಹೇಗಿರಬೇಕೆಂದು ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ 2023ರ ಮಾರ್ಗಸೂಚಿ ದಿನಕ್ಕೆ ಕನಿಷ್ಠ 3 ಗಂಟೆ, ವಾರಕ್ಕೆ ಕನಿಷ್ಠ 5 ದಿನ ಪುನಶ್ಚೇತನ ಚಿಕಿತ್ಸೆ ಎನ್ನುತ್ತದೆ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಅದನ್ನು ಒಂದೇ ಸಲಕ್ಕೆ ಮಾಡಲಾದೀತೆ? ಬಿಸಿಲೇರುವ ಮೊದಲು ಅರ್ಧ ಗಂಟೆ, ಸಂಜೆ ತಂಪಾದ ಮೇಲೆ ಅರ್ಧ ಗಂಟೆ, ನಡುವೆ ನೆರಳಲ್ಲಿ ಕೂತು ಕೈಯ ಕೆಲಸ.

ಇಂಗ್ಲಿಷ್ ಆಪ್ ದೊಡ್ಡವ್ವನಿಗೆ ಓದಲು ಬರುವುದಿಲ್ಲ. ಅಂಕಿ ಬರುತ್ತದೆ. ಅಣ್ಣ ಪರದೆಯಲ್ಲಿ ಅಂಕಿ ಒಂದೇ ಕಾಣುವ ಹಾಗೆ ಇಟ್ಟ. ರಾತ್ರಿ ಊಟದ ಮುಂಚೆ ಆ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಬರೆಯುವುದು ಅವರ ಕೆಲಸ. ಹಾಲಿನ ಲೆಕ್ಕದ ಕೆಳಗೆ ಹೆಜ್ಜೆಯ ಲೆಕ್ಕ.

ಸಂಕ್ರಾಂತಿ ಹೊತ್ತಿಗೆ ಬ್ಯಾಂಡಿನ ಚಾರ್ಜರ್ ಕಳೆಯಿತು. ಅಂಥದ್ದೇ ಇನ್ನೊಂದು ಕುಷ್ಟಗಿಯಲ್ಲಿ ಸಿಗಲಿಲ್ಲ. ಬೆಂಗಳೂರಿನಿಂದ ಬರಲು ಹನ್ನೆರಡು ದಿನ ಹಿಡಿಯಿತು. ಅಷ್ಟು ದಿನ ದೊಡ್ಡವ್ವ ಎರಡು ಬಟ್ಟಲು ಇಟ್ಟಿದ್ದರು. ಒಂದರಲ್ಲಿ ನೂರು ಹುಣಸೆ ಬೀಜ. ಎಡಗೈಯಿಂದ ಒಂದೊಂದೇ ಹೆಕ್ಕಿ ಇನ್ನೊಂದಕ್ಕೆ ಹಾಕಬೇಕು. ಎಣಿಕೆ, ವ್ಯಾಯಾಮ ಎರಡೂ ಅದರಲ್ಲೇ. ಮೊದಲ ದಿನ ಮೂವತ್ತೊಂದು, ಹನ್ನೆರಡನೇ ದಿನ ಎಂಬತ್ತು. ಕ್ಯಾಲೆಂಡರ್ ನೋಡಿದ ಫಿಜಿಯೋ ಬೀಜ ತೆಗೆದು ಕಡಲೆ ಇಡಿ, ಅದು ಸಲೀಸಾದ ಮೇಲೆ ಜೋಳ ಇಡಿ ಅಂದರು. ಚಾರ್ಜರ್ ಬಂದ ಮೇಲೆ ಬ್ಯಾಂಡ್ ಕಾಲಿಗೆ ಹೋಯಿತು, ಬಟ್ಟಲು ಕೈಗೆ ಉಳಿಯಿತು. ಈಗ ಕಡಲೆ ನಡೆದಿದೆ. ಕೆಳಗೆ ಬಿದ್ದವು ಕೋಳಿಗೆ.